ಪ್ರಾಸ್ಟೇಟ್ ಅರ್ಬುದವೂ ಆಧಾರಕ ಅಂಗಾಂಶವೂ: ಒಂದು ವಿಚಾರದ ಚರಿತ್ರೆ

೧

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಾವ ಸಂಗತಿ ಯಾವಾಗ, ಯಾರಿಂದ ಬೆಳಕಿಗೆ ಬಂದಿತೆಂಬುದನ್ನು ಕಾಲಾನುಕ್ರಮವಾಗಿ ನಿರೂಪಿಸಿ ತೃಪ್ತರಾಗುತ್ತಾರೆ. ಆದರೆ ಕಣ್ಣೆದುರಿಗೇ ಇದ್ದ ಸಂಗತಿಯೊಂದು ಬಹುಕಾಲ ಏಕೆ ಗಣನೆಗೆ ಬರಲಿಲ್ಲ ಎಂಬ ಪ್ರಶ್ನೆಯೂ ಚರಿತ್ರಕಾರನಿಗೆ ಸೇರಿದುದೇ ಆಗಿದೆ. ಅರ್ಬುದರೋಗದ ಅಧ್ಯಯನದಲ್ಲಿ ಆಧಾರಕ ಅಂಗಾಂಶಕ್ಕೆ ಒದಗಿದ ಗತಿ ಇದಕ್ಕೆ ಒಳ್ಳೆಯ ನಿದರ್ಶನ. ಪ್ರಕೃತ ಲೇಖನದಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವನ್ನು ಆರಿಸಿಕೊಂಡು, ಈ ವಿಚಾರ ಹೇಗೆ ಹುಟ್ಟಿತು, ಹೇಗೆ ಮರೆಯಾಯಿತು, ಯಾವ ದಾರಿಯಿಂದ ಮರಳಿ ಬಂದಿತು, ಚಿಕಿತ್ಸೆಗೆ ಅದರಿಂದ ಏನು ಲಭಿಸಿದೆ ಎಂಬುದನ್ನು ಪರಿಶೀಲಿಸಲಾಗಿದೆ.

ಮೊದಲು ಗ್ರಂಥಿಯ ರಚನೆಯನ್ನು ಸಂಕ್ಷೇಪವಾಗಿ ಹೇಳಬೇಕು. ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಾಶಯದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುವ, ಅಕ್ರೋಟು ಕಾಯಿಯ ಗಾತ್ರದ ಒಂದು ಗ್ರಂಥಿ. ವೀರ್ಯದ ದ್ರವಭಾಗದಲ್ಲಿ ಒಂದಂಶವನ್ನು ಒದಗಿಸುವುದು ಇದರ ಕೆಲಸ. ಇದರಲ್ಲಿ ಎರಡು ಬಗೆಯ ಅಂಗಾಂಶಗಳಿವೆ. ದ್ರವವನ್ನು ಸ್ರವಿಸುವ ಸಣ್ಣ ಸಣ್ಣ ಚೀಲಗಳ ಒಳಮೈಯನ್ನು ಹೊದೆದಿರುವ ಕೋಶಗಳ ಪದರ ಒಂದು. ಇದಕ್ಕೆ ಅನುಲೇಪಕ ಅಂಗಾಂಶವೆಂದು ಹೆಸರು. ಆ ಚೀಲಗಳ ನಡುವಣ ಎಡೆಯನ್ನೆಲ್ಲ ತುಂಬಿಕೊಂಡಿರುವ ನಯಸ್ನಾಯುವಿನ ಎಳೆಗಳು, ತಂತುಗಳನ್ನು ಹೆಣೆಯುವ ತಂತುಜನಕ ಕೋಶಗಳು, ರಕ್ತನಾಳಗಳು, ನರಗಳು ಇವೆಲ್ಲ ಸೇರಿ ಎರಡನೆಯದು. ಇದೇ ಆಧಾರಕ ಅಂಗಾಂಶ. ಪಾಶ್ಚಾತ್ಯ ಶಾಸ್ತ್ರಗ್ರಂಥಗಳಲ್ಲಿ ಇದಕ್ಕಿರುವ 'ಸ್ಟ್ರೋಮ' ಎಂಬ ಹೆಸರು ಗ್ರೀಕ್ ಮೂಲದ್ದು. ಹಾಸು ಅಥವಾ ಹಾಸಿಗೆ ಎಂದು ಅದರ ಅರ್ಥ. ಹೆಸರಿನಲ್ಲಿಯೇ ಒಂದು ತೀರ್ಮಾನ ಅಡಗಿದೆ. ಹಾಸಿಗೆಯ ಮೇಲೆ ಮಲಗಿದವನ ರೋಗವನ್ನು ಕೇಳುವರೇ ಹೊರತು ಹಾಸಿಗೆಯನ್ನು ಯಾರೂ ವಿಚಾರಿಸುವುದಿಲ್ಲ.

ಪ್ರಾಸ್ಟೇಟ್ ಅರ್ಬುದ ಬಹುಮಟ್ಟಿಗೆ ಅನುಲೇಪಕ ಕೋಶಗಳಲ್ಲಿ ಮೂಡುತ್ತದೆ. ಇಂದು ಇದು ವಯಸ್ಸಾದ ಗಂಡಸರಲ್ಲಿ ಅತ್ಯಂತ ಸಾಮಾನ್ಯವಾದ ಅರ್ಬುದಗಳಲ್ಲಿ ಒಂದು. ೨೦೨೨ರಲ್ಲಿ ಜಗತ್ತಿನಲ್ಲಿ ೧೪ ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಇದು ಹೊಸದಾಗಿ ಪತ್ತೆಯಾಯಿತೆಂದು ಅಂದಾಜು ಮಾಡಲಾಗಿದೆ. ಆದುದರಿಂದ ಈ ರೋಗ ಅನುಲೇಪಕ ಕೋಶವೊಂದರ ಕಥೆಯೋ, ಅಥವಾ ಆ ಕೋಶವೂ ಅದರ ಸುತ್ತಲಿನ ಆಧಾರವೂ ಕೂಡಿ ನಡೆಸುವ ಕಥೆಯೋ ಎಂಬುದು ಕೇವಲ ಪಂಡಿತರ ಚರ್ಚೆಯಲ್ಲ. ಔಷಧ ಯಾರ ಮೇಲೆ ಪ್ರಯೋಗವಾಗಬೇಕು, ಪ್ರಯೋಗವಾದ ಮೇಲೆ ರೋಗ ಏಕೆ ಮರುಕಳಿಸುತ್ತದೆ ಎಂಬುದು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

೨

ಪ್ರಾಸ್ಟೇಟ್ ಅರ್ಬುದವನ್ನು ಸೂಕ್ಷ್ಮದರ್ಶಕದ ಮೂಲಕ ಪರೀಕ್ಷಿಸಿ ಮೊತ್ತಮೊದಲು ವರ್ಣಿಸಿದವರು ಲಂಡನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಆಡಮ್ಸ್. ೧೮೫೩ರಲ್ಲಿ ಅವರು ಇದನ್ನು ಬಹು ಅಪರೂಪದ ರೋಗವೆಂದು ಕರೆದರು. ರೋಗ ಅಪರೂಪವಾಗಿತ್ತೆನ್ನುವುದಕ್ಕಿಂತ, ಮೂತ್ರಬಂಧದಿಂದ ಸತ್ತ ಮುದುಕರಲ್ಲಿ ಅದನ್ನು ಹುಡುಕುವ ಸಾಧನ ಅಪರೂಪವಾಗಿತ್ತೆನ್ನುವುದು ಹೆಚ್ಚು ಸಮಂಜಸ. ಅದೇ ದಶಕದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಕೋಶಸಿದ್ಧಾಂತವನ್ನು ರೋಗಶಾಸ್ತ್ರಕ್ಕೆ ಅನ್ವಯಿಸಿ, ೧೮೫೮ರಲ್ಲಿ ತಮ್ಮ ಪ್ರಸಿದ್ಧ ಉಪನ್ಯಾಸಗಳನ್ನು ಪ್ರಕಟಿಸಿದರು. ಪ್ರತಿಯೊಂದು ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ, ರೋಗವೆಂಬುದು ಕೋಶಗಳ ವಿಕಾರ ಎಂಬ ಅವರ ಮಾತು ಇಂದಿಗೂ ನಿಂತಿದೆ.

ಆದರೆ ಅರ್ಬುದ ಯಾವ ಕೋಶದಿಂದ ಹುಟ್ಟುತ್ತದೆ ಎಂಬ ವಿಷಯದಲ್ಲಿ ವಿರ್ಚೋ ಎಡವಿದರು. ಅನುಲೇಪಕ ಕೋಶಗಳಂತೆ ಕಾಣುವ ಅರ್ಬುದಗಳೂ ಸಂಯೋಜಕ ಅಂಗಾಂಶದಿಂದಲೇ ಮೂಡುವುವೆಂದು ಅವರು ನಂಬಿದ್ದರು. ೧೮೬೫ರಲ್ಲಿ ಕಾರ್ಲ್ ಥೀರ್ಷ್ ಚರ್ಮದ ಅರ್ಬುದಗಳನ್ನು ಪರೀಕ್ಷಿಸಿ, ಅವು ಅನುಲೇಪಕ ಪದರದಿಂದಲೇ ಹುಟ್ಟಿ ಒಳಕ್ಕೆ ಇಳಿಯುವುವೆಂದು ತೋರಿಸಿದರು. ೧೮೬೭ರಿಂದ ಮುಂದೆ ವಿಲ್ಹೆಲ್ಮ್ ವಾಲ್ಡೆಯರ್ ಇದನ್ನು ಇತರ ಅಂಗಗಳಿಗೂ ವಿಸ್ತರಿಸಿದರು. ವಾದದಲ್ಲಿ ಗೆದ್ದುದು ಸತ್ಯವೇ. ಈ ವಿಷಯದಲ್ಲಿ ಸಂದೇಹವಿಲ್ಲ.

ಹೀಗಿದ್ದರೂ ಆ ಗೆಲುವಿನೊಡನೆ ಒಂದು ನಷ್ಟವೂ ಸಂಭವಿಸಿತು. ಅರ್ಬುದ ಎಲ್ಲಿಂದ ಹುಟ್ಟಿತು ಎಂಬುದು ಒಂದು ಪ್ರಶ್ನೆ. ಹುಟ್ಟಿದ ಮೇಲೆ ಅದನ್ನು ಯಾವುದು ಬೆಳೆಸಿತು, ಯಾವುದು ತಡೆಯಿತು ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯ ಪ್ರಶ್ನೆಯಲ್ಲಿ ಆಧಾರಕ ಅಂಗಾಂಶ ಸೋತುದರಿಂದ ಎರಡನೆಯದರಲ್ಲಿಯೂ ಅದಕ್ಕೆ ಸ್ಥಾನವಿಲ್ಲವೆಂಬ ಭಾವನೆ ಮೆಲ್ಲಗೆ ಬೇರೂರಿತು. ಉತ್ಪತ್ತಿಯನ್ನೂ ಪೋಷಣೆಯನ್ನೂ ಒಂದೇ ಎಂದು ಎಣಿಸಿದ ಈ ಗೊಂದಲವೇ ಮುಂದಿನ ಒಂದು ಶತಮಾನದ ಮೌನಕ್ಕೆ ಮುಖ್ಯ ಕಾರಣವೆಂಬುದು ಪ್ರಕೃತ ಲೇಖಕನ ಅಭಿಪ್ರಾಯ. ೧೯೬೬ರಲ್ಲಿ ಅಮೆರಿಕದ ಡೊನಾಲ್ಡ್ ಗ್ಲೀಸನ್ ರಚಿಸಿದ, ಮಾರ್ಪಾಡುಗಳೊಡನೆ ಇಂದಿಗೂ ಬಳಕೆಯಲ್ಲಿರುವ ಪ್ರಾಸ್ಟೇಟ್ ಅರ್ಬುದದ ಶ್ರೇಣಿ ವಿಭಾಗವನ್ನು ನೋಡಿದರೂ ಈ ಮಾತು ಸ್ಪಷ್ಟವಾಗುತ್ತದೆ. ಗ್ರಂಥಿಯ ಚೀಲಗಳು ಯಾವ ಆಕಾರ ತಳೆದಿವೆ, ಹೇಗೆ ಒಂದರೊಳಗೊಂದು ಬೆರೆತಿವೆ ಎಂಬುದೇ ಅಲ್ಲಿ ಅಳತೆಗೋಲು. ಅವುಗಳ ನಡುವಿನ ಆಧಾರ ಹೇಗೆ ಮಾರ್ಪಟ್ಟಿದೆ ಎಂಬುದಕ್ಕೆ ಆ ಕೋಷ್ಟಕದಲ್ಲಿ ಅಂಕವಿಲ್ಲ.

೩

ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲವೆಂದರೆ ತಪ್ಪಾದೀತು. ೧೮೮೯ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಸ್ತನದ ಅರ್ಬುದದಿಂದ ಮೃತರಾದ ೭೩೫ ಮಂದಿಯ ಮರಣೋತ್ತರ ಪರೀಕ್ಷೆಯ ದಾಖಲೆಗಳನ್ನು ಕೂಡಿಸಿ ನೋಡಿದಾಗ, ರೋಗ ಯಕೃತ್ತಿಗೆ ಹರಡಿದಷ್ಟು ಗುಲ್ಮಕ್ಕೆ ಹರಡಿರಲಿಲ್ಲ. ಎರಡಕ್ಕೂ ರಕ್ತ ಹೇರಳವಾಗಿಯೇ ಹರಿಯುತ್ತದೆಯಷ್ಟೆ. ಆದುದರಿಂದ ಹರಡುವಿಕೆ ಕೇವಲ ಆಕಸ್ಮಿಕವಲ್ಲ. ಅರ್ಬುದಕೋಶ ಬೀಜದಂತೆ, ಅದು ಸೇರುವ ಅಂಗ ನೆಲದಂತೆ. ಬೀಜ ಎಲ್ಲೆಡೆ ಚೆಲ್ಲಿದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂದು ಅವರು ತರ್ಕಿಸಿದರು. ಬಿತ್ತಿದಂತೆ ಬೆಳೆ ಎಂಬುದು ನಮ್ಮ ರೈತರಲ್ಲಿಯೂ ಗಾದೆ. ಆದರೆ ಬಿತ್ತುವ ಮುನ್ನ ಎರೆಯೋ ಮರಳೋ ಎಂದು ಮಣ್ಣನ್ನು ಹಿಡಿದು ನೋಡದ ರೈತನಿಲ್ಲ. ಎಲ್ಲರೂ ಬೀಜವನ್ನೇ ಪರೀಕ್ಷಿಸುತ್ತಿದ್ದಾಗ ಪೇಜೆಟ್ ಮಣ್ಣಿನ ಕಡೆಗೆ ಕೈ ತೋರಿದರು.

ಈ ವಾದಕ್ಕೆ ಬಲವಾದ ಎದುರಾಳಿಯಾದವರು ನ್ಯೂಯಾರ್ಕಿನ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್. ೧೯೨೦ರ ದಶಕದಲ್ಲಿ ಅವರು, ಹರಡುವಿಕೆಯನ್ನು ವಿವರಿಸಲು ರಕ್ತನಾಳಗಳ ಹಾಗೂ ದುಗ್ಧನಾಳಗಳ ಹಾದಿಯೇ ಸಾಕು, ನೆಲದ ಗುಣವನ್ನು ಕಲ್ಪಿಸುವ ಅಗತ್ಯವಿಲ್ಲ ಎಂದು ವಾದಿಸಿದರು. ಪ್ರಾಸ್ಟೇಟ್ ಅರ್ಬುದವೇ ಈ ಪಕ್ಷಕ್ಕೆ ಪ್ರಬಲ ಸಾಕ್ಷಿಯಾಗಿ ಒದಗಿತು. ಈ ರೋಗ ಸೊಂಟದ ಹಾಗೂ ಬೆನ್ನಿನ ಮೂಳೆಗಳಿಗೆ ಹರಡುವುದು ಸಾಮಾನ್ಯ. ೧೯೪೦ರಲ್ಲಿ ಫಿಲಡೆಲ್ಫಿಯದ ಅಂಗರಚನಾಶಾಸ್ತ್ರಜ್ಞ ಆಸ್ಕರ್ ಬ್ಯಾಟ್ಸನ್, ಸೊಂಟದ ಅಭಿಧಮನಿಗಳಿಗೂ ಬೆನ್ನುಮೂಳೆಯ ಸುತ್ತಣ ಅಭಿಧಮನಿಗಳಿಗೂ ಕವಾಟಗಳಿಲ್ಲದ ನೇರ ಸಂಪರ್ಕವಿದೆಯೆಂದು ತೋರಿಸಿದರು. ದಾರಿ ಸಿಕ್ಕಿತು, ಇನ್ನು ನೆಲದ ಮಾತೇಕೆ ಎಂಬಂತಾಯಿತು.

ಆದರೆ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿದ ಮಾತ್ರಕ್ಕೆ ಅಲ್ಲಿ ಬೆಳೆ ಏಕೆ ಬಂದಿತೆಂಬುದು ತಿಳಿದಂತಾಗಲಿಲ್ಲ. ಇತರ ಅನೇಕ ಅರ್ಬುದಗಳು ಮೂಳೆಯನ್ನು ತಿಂದು ಟೊಳ್ಳು ಮಾಡಿದರೆ, ಪ್ರಾಸ್ಟೇಟ್ ಅರ್ಬುದ ಬಹುಮಟ್ಟಿಗೆ ಅಲ್ಲಿ ಹೊಸ ಮೂಳೆಯನ್ನೇ ಕಟ್ಟಿಸುತ್ತದೆ. ಮೂಳೆ ಕಟ್ಟುವ ಕೆಲಸ ಅರ್ಬುದಕೋಶದ್ದಲ್ಲ. ಅದು ಆತಿಥೇಯ ಅಂಗದ ಸ್ವಂತ ಕೋಶಗಳದ್ದು. ಬಂದ ಅತಿಥಿ ಮನೆಯವರಿಂದ ಕೆಲಸ ಮಾಡಿಸುತ್ತಿದ್ದಾನೆಂಬುದಕ್ಕೆ ಕ್ಷಕಿರಣ ಚಿತ್ರಗಳಲ್ಲಿ ಬೆಳ್ಳಗೆ ಕಾಣುತ್ತಿದ್ದ ಆ ಕಲೆಗಳೇ ಸಾಕ್ಷಿಯಾಗಿದ್ದುವು. ೧೯೮೦ರಲ್ಲಿ ಇಯಾನ್ ಹಾರ್ಟ್ ಮತ್ತು ಐಸಯ್ಯ ಫಿಡ್ಲರ್ ಇಲಿಗಳಲ್ಲಿ ನಡೆಸಿದ ಪ್ರಯೋಗಗಳಿಂದ, ದಾರಿಯೂ ಬೇಕು, ನೆಲವೂ ಬೇಕು ಎಂಬುದು ಸ್ಥಿರಪಟ್ಟು ಪೇಜೆಟ್ಟರ ಮಾತಿಗೆ ಮತ್ತೆ ಬೆಲೆ ಬಂದಿತು.

೪

ಈ ನಡುವೆ ಚಿಕಿತ್ಸೆಯ ಚರಿತ್ರೆ ಬೇರೊಂದು ಹಾದಿಯಲ್ಲಿ ಸಾಗಿತ್ತು. ೧೭೮೬ರಷ್ಟು ಹಿಂದೆಯೇ ಜಾನ್ ಹಂಟರ್, ಬೀಜ ತೆಗೆದ ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿ, ಜೋಲಾಗಿ, ನಾರಿನಂತಾಗಿರುವುದನ್ನು ಗುರುತಿಸಿದ್ದರು. ಗೂಳಿಗೂ ಎತ್ತಿಗೂ ಇರುವ ವ್ಯತ್ಯಾಸ ಮೈಕಟ್ಟಿನಲ್ಲಿ ಮಾತ್ರವಲ್ಲ, ಒಳಗಣ ಗ್ರಂಥಿಯಲ್ಲಿಯೂ ಇದೆಯೆಂದಾಯಿತು. ಇದನ್ನು ಆಧರಿಸಿ ೧೮೯೫ರ ಸುಮಾರಿಗೆ ಫಿಲಡೆಲ್ಫಿಯದ ವಿಲಿಯಂ ವೈಟ್, ಪ್ರಾಸ್ಟೇಟ್ ಊದಿಕೊಂಡು ಮೂತ್ರ ಕಟ್ಟಿದವರಿಗೆ ವೃಷಣಚ್ಛೇದನವನ್ನು ಸೂಚಿಸಿದರು. ಆದರೆ ೧೯೦೦ರ ಕೊನೆಯಿಂದ, ಇಂಡಿಯನ್ ಮೆಡಿಕಲ್ ಸರ್ವಿಸಿನಲ್ಲಿ ದೀರ್ಘಕಾಲ ದುಡಿದು ಲಂಡನ್ನಿಗೆ ಹಿಂದಿರುಗಿದ್ದ ಪೀಟರ್ ಫ್ರೇಯರ್ ಊದಿದ ಗ್ರಂಥಿಭಾಗವನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಪ್ರಚಾರಕ್ಕೆ ತಂದುದರಿಂದ ವೃಷಣಚ್ಛೇದನ ಹಿಂದೆ ಸರಿಯಿತು. ೧೯೦೪ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹ್ಯೂ ಯಂಗ್ ಅರ್ಬುದಕ್ಕಾಗಿ ಇಡೀ ಗ್ರಂಥಿಯನ್ನು ತೆಗೆಯುವ ಶಸ್ತ್ರಕ್ರಿಯೆಯನ್ನು ನಡೆಸಿದರು.

ಹಳೆಯ ಸುಳಿವನ್ನು ಅರ್ಬುದಕ್ಕೆ ಅನ್ವಯಿಸಿದ ಕೀರ್ತಿ ಷಿಕಾಗೋ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹಗ್ಗಿನ್ಸರದು. ನಾಯಿಗಳ ಪ್ರಾಸ್ಟೇಟಿನ ಸ್ರಾವವನ್ನು ಅಳೆಯುತ್ತಿದ್ದ ಅವರು, ವೃಷಣಗಳನ್ನು ತೆಗೆದರೆ ಸ್ರಾವ ನಿಲ್ಲುವುದನ್ನೂ ಪುರುಷ ಹಾರ್ಮೋನನ್ನು ಕೊಟ್ಟರೆ ಮರಳುವುದನ್ನೂ ಕಂಡರು. ೧೯೪೧ರಲ್ಲಿ ಕ್ಲಾರೆನ್ಸ್ ಹಾಜಸ್ ಮೊದಲಾದ ಸಹೋದ್ಯೋಗಿಗಳೊಡನೆ ಅವರು, ಮುಂದುವರಿದ ಪ್ರಾಸ್ಟೇಟ್ ಅರ್ಬುದದ ರೋಗಿಗಳಲ್ಲಿ ವೃಷಣಚ್ಛೇದನದಿಂದ ಮೂಳೆನೋವು ಇಳಿದು ರೋಗ ಕುಗ್ಗುವುದೆಂದು ವರದಿ ಮಾಡಿದರು. ೧೯೬೬ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಮುಂದೆ ೧೯೭೧ರಲ್ಲಿ ಆಂಡ್ರ್ಯೂ ಷಾಲಿಯವರ ಪ್ರಯೋಗಶಾಲೆಯಲ್ಲಿ ಮೆದುಳಿನ ಪ್ರಚೋದಕ ಹಾರ್ಮೋನೊಂದರ ರಚನೆ ತಿಳಿದು, ಶಸ್ತ್ರವಿಲ್ಲದೆ ಸೂಜಿಮದ್ದಿನಿಂದಲೇ ವೃಷಣಗಳ ಕೆಲಸವನ್ನು ನಿಲ್ಲಿಸುವುದು ಸಾಧ್ಯವಾಯಿತು.

ಇದು ಅರ್ಬುದ ಚಿಕಿತ್ಸೆಯ ಚರಿತ್ರೆಯಲ್ಲಿ ಮಹತ್ತರವಾದ ಘಟ್ಟ. ಆದರೆ ಚರಿತ್ರಕಾರನು ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಉಪಶಮನ ಶಾಶ್ವತವಾಗಿರಲಿಲ್ಲ. ಮುಂದುವರಿದ ರೋಗ ಕೆಲವು ತಿಂಗಳು ಅಥವಾ ವರ್ಷಗಳ ಮೇಲೆ ಹಾರ್ಮೋನಿನ ಅಭಾವದಲ್ಲಿಯೂ ಮತ್ತೆ ತಲೆಯೆತ್ತುತ್ತಿತ್ತು. ಎರಡನೆಯದಾಗಿ, ಹಾರ್ಮೋನು ನೇರವಾಗಿ ಅರ್ಬುದಕೋಶದ ಮೇಲೆ ವರ್ತಿಸುತ್ತದೆ, ಅದನ್ನು ಹಿಂತೆಗೆದರೆ ಆ ಕೋಶ ಹಸಿವಿನಿಂದ ಸಾಯುತ್ತದೆ ಎಂಬ ಸರಳ ಚಿತ್ರ ಎಲ್ಲರ ಮನಸ್ಸಿನಲ್ಲಿಯೂ ಉಳಿಯಿತು. ರಕ್ತನಾಳದಿಂದ ಹೊರಟ ಹಾರ್ಮೋನು ಆ ಕೋಶವನ್ನು ಮುಟ್ಟುವ ಮುನ್ನ ಆಧಾರಕ ಅಂಗಾಂಶವನ್ನು ಹಾದೇ ಬರಬೇಕೆಂಬ ಸಂಗತಿಯನ್ನು ಆಗ ಯಾರೂ ದೊಡ್ಡದಾಗಿ ಎಣಿಸಲಿಲ್ಲ.

೫

ಆ ಸರಳ ಚಿತ್ರವನ್ನು ಪ್ರಶ್ನಿಸಿದವರು ಅರ್ಬುದ ವೈದ್ಯರಲ್ಲ, ಭ್ರೂಣಶಾಸ್ತ್ರಜ್ಞರು. ಭ್ರೂಣದಲ್ಲಿ ಒಂದು ಅಂಗಾಂಶ ಪಕ್ಕದ ಅಂಗಾಂಶಕ್ಕೆ ಮುಂದಿನ ದಾರಿಯನ್ನು ನಿರ್ದೇಶಿಸುತ್ತದೆಂಬ ವಿಚಾರ ೧೯೨೪ರಲ್ಲಿ ಹಾನ್ಸ್ ಷ್ಪೇಮಾನ್ ಮತ್ತು ಹಿಲ್ಡೆ ಮಾಂಗೋಲ್ಡ್ ಇವರ ಪ್ರಯೋಗಗಳಿಂದ ಸಿದ್ಧವಾಗಿತ್ತು. ೧೯೫೩ರಲ್ಲಿ ಕ್ಲಿಫರ್ಡ್ ಗ್ರಾಬ್‌ಸ್ಟೈನ್ ಇಲಿಯ ಭ್ರೂಣದ ಲಾಲಾಗ್ರಂಥಿಯನ್ನು ತೆಗೆದುಕೊಂಡು, ಅದರ ಅನುಲೇಪಕ ಪದರವನ್ನು ಆಧಾರಕದಿಂದ ಬೇರ್ಪಡಿಸಿದರೆ ಅದು ಕವಲೊಡೆಯುವುದಿಲ್ಲ, ತನ್ನ ಆಧಾರಕದೊಡನೆ ಮತ್ತೆ ಕೂಡಿಸಿದರೆ ಕವಲೊಡೆಯುತ್ತದೆ ಎಂದು ತೋರಿಸಿದರು.

ಈ ವಿಧಾನವನ್ನು ಪ್ರಾಸ್ಟೇಟಿಗೆ ಅನ್ವಯಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಜೆರಾಲ್ಡ್ ಕೂನಾ. ೧೯೭೦ರ ಹಾಗೂ ೧೯೮೦ರ ದಶಕಗಳಲ್ಲಿ ಅವರೂ ಅವರ ಸಂಗಡಿಗರೂ ನಡೆಸಿದ ಪ್ರಯೋಗಗಳು ವಿದ್ಯಾರ್ಥಿಗಳು ವಿವರವಾಗಿ ತಿಳಿಯಬೇಕಾದಷ್ಟು ಮುಖ್ಯವಾದುವು. ಭ್ರೂಣದಲ್ಲಿ ಪ್ರಾಸ್ಟೇಟ್ ಮೊಳೆಯುವ ಎಡೆಯ ಆಧಾರಕ ಅಂಗಾಂಶವನ್ನು ಬಿಡಿಸಿ, ಅದನ್ನು ಬೆಳೆದ ಇಲಿಯ ಮೂತ್ರಾಶಯದ ಅನುಲೇಪಕ ಪದರದೊಡನೆ ಕೂಡಿಸಿ, ಗಂಡಿಲಿಯೊಂದರ ಮೂತ್ರಪಿಂಡದ ಪೊರೆಯ ಕೆಳಗೆ ಕಸಿಮಾಡಲಾಯಿತು. ಮೂತ್ರಾಶಯದ ಆ ಕೋಶಗಳು ತಮ್ಮ ಹಳೆಯ ಗುಣವನ್ನು ಬಿಟ್ಟು ಪ್ರಾಸ್ಟೇಟಿನಂತಹ ಗ್ರಂಥಿಗಳನ್ನು ರಚಿಸಿದುವು. ಯಾವ ಅಂಗವಾಗಬೇಕೆಂಬ ಆದೇಶ ಆಧಾರಕದಿಂದಲೇ ಬಂದಿತು.

ಇದಕ್ಕಿಂತಲೂ ನಿರ್ಣಾಯಕವಾದುದು ಇನ್ನೊಂದು ಪ್ರಯೋಗ. ಪುರುಷ ಹಾರ್ಮೋನಿನ ಗ್ರಾಹಕ ಕೆಲಸ ಮಾಡದ ಒಂದು ಇಲಿಯ ತಳಿಯಿದೆ. ಅದರ ಕೋಶಗಳು ಹಾರ್ಮೋನಿದ್ದರೂ ಅದನ್ನು ಅರಿಯಲಾರವು. ಈ ತಳಿಯ ಅನುಲೇಪಕ ಪದರವನ್ನು ಸಹಜ ಇಲಿಯ ಆಧಾರಕದೊಡನೆ ಕೂಡಿಸಿದಾಗ ಗ್ರಂಥಿಯ ಚೀಲಗಳು ಮೂಡಿದುವು. ಸಹಜ ಅನುಲೇಪಕವನ್ನು ಈ ತಳಿಯ ಆಧಾರಕದೊಡನೆ ಕೂಡಿಸಿದಾಗ ಪ್ರಾಸ್ಟೇಟ್ ಮೂಡಲೇ ಇಲ್ಲ. ಅಂದರೆ ಗ್ರಂಥಿಯ ರಚನೆಯ ಮಟ್ಟಿಗೆ ಹಾರ್ಮೋನು ಮೊದಲು ಮಾತನಾಡುವುದು ಆಧಾರಕದೊಡನೆ. ಆಧಾರಕ ಆ ಮಾತನ್ನು ತನ್ನದೇ ಆದ ರಾಸಾಯನಿಕ ಸಂದೇಶಗಳ ಮೂಲಕ ಅನುಲೇಪಕಕ್ಕೆ ತಲಪಿಸುತ್ತದೆ. ಸ್ರಾವದ ಪ್ರೋಟೀನುಗಳನ್ನು ತಯಾರಿಸುವುದಕ್ಕೆ ಅನುಲೇಪಕದ ಸ್ವಂತ ಗ್ರಾಹಕವೂ ಬೇಕೆಂಬುದನ್ನು ಮರೆಯಬಾರದು. ಅರ್ಬುದಕೋಶವಂತೂ ಹಾರ್ಮೋನಿಗೆ ನೇರವಾಗಿಯೇ ಓಗೊಡುವುದನ್ನು ಕಲಿತಿರುತ್ತದೆ. ಹಗ್ಗಿನ್ಸರ ಚಿತ್ರ ಸುಳ್ಳಾಗಲಿಲ್ಲ. ಅದರಲ್ಲಿ ಇಲ್ಲದ ಮಧ್ಯವರ್ತಿಯೊಬ್ಬನು ಈಗ ಕಾಣಿಸಿಕೊಂಡನು.

ಭ್ರೂಣದಿಂದ ಅರ್ಬುದಕ್ಕೆ ಸೇತುವೆಯೂ ಅಲ್ಲಿಯೇ ಕಟ್ಟಲ್ಪಟ್ಟಿತು. ೧೯೯೦ರ ಸುಮಾರಿಗೆ ಅದೇ ಪ್ರಯೋಗಶಾಲೆಯಲ್ಲಿ ಇಲಿಯ ಪ್ರಾಸ್ಟೇಟ್ ಅರ್ಬುದದ ತುಣುಕುಗಳನ್ನು ಸಹಜವಾದ ಭ್ರೂಣ ಆಧಾರಕದೊಡನೆ ಕೂಡಿಸಿದಾಗ, ಅಡ್ಡಾದಿಡ್ಡಿಯಾಗಿ ಬೆಳೆಯುತ್ತಿದ್ದ ಕೋಶಗಳು ಮತ್ತೆ ಕ್ರಮಬದ್ಧವಾದ ಚೀಲಗಳಾಗಿ ನಿಂತು, ಬೆಳವಣಿಗೆಯ ವೇಗ ಇಳಿಯಿತು. ಆರೋಗ್ಯವುಳ್ಳ ಆಧಾರಕ ಅರ್ಬುದವನ್ನು ಹತೋಟಿಯಲ್ಲಿಡಬಲ್ಲದೆಂಬ ಆಶೆಗೆ ಇದು ಆಧಾರವಾಯಿತು.

೬

ಆಧಾರಕ ತಡೆಯಬಲ್ಲುದಾದರೆ ಪ್ರೇರಿಸಲೂ ಬಲ್ಲುದೇ? ಈ ಪ್ರಶ್ನೆಗೆ ಲೀಲಂಡ್ ಚುಂಗ್ ಮತ್ತು ಅವರ ಸಹೋದ್ಯೋಗಿಗಳು ಉತ್ತರ ಹುಡುಕಿದರು. ಒಬ್ಬ ರೋಗಿಯ ದುಗ್ಧಗ್ರಂಥಿಯಿಂದ ಪಡೆದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಒಂದು ಪ್ರಾಸ್ಟೇಟ್ ಅರ್ಬುದ ಕೋಶವಂಶವಿದೆ; ಅದನ್ನು ಮಾತ್ರವೇ ಇಲಿಗೆ ಚುಚ್ಚಿದರೆ ಗೆಡ್ಡೆ ಸುಲಭವಾಗಿ ಬೆಳೆಯುವುದಿಲ್ಲ. ೧೯೯೧ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಅದೇ ಕೋಶಗಳನ್ನು ಪ್ರಾಸ್ಟೇಟಿನ ಅಥವಾ ಮೂಳೆಯ ತಂತುಜನಕ ಕೋಶಗಳೊಡನೆ ಬೆರೆಸಿ ಚುಚ್ಚಿದಾಗ ಗೆಡ್ಡೆಗಳು ಬೆಳೆದುವು. ಶ್ವಾಸಕೋಶದ ತಂತುಜನಕಗಳೊಡನೆ ಬೆರೆಸಿದಾಗ ಬೆಳೆಯಲಿಲ್ಲ. ನೂರು ವರ್ಷ ಹಿಂದೆ ಪೇಜೆಟ್ ದಾಖಲೆಗಳಿಂದ ಊಹಿಸಿದ ನೆಲ ಈಗ ಪ್ರಯೋಗಶಾಲೆಯ ತಟ್ಟೆಯಲ್ಲಿ ಪರೀಕ್ಷೆಗೆ ಸಿಕ್ಕಿತು.

ನೆಲ ಹೇಗೆ ಮಾರ್ಪಡುತ್ತದೆಂಬುದನ್ನು ತಿಳಿಯಲು ಒಂದು ಹೋಲಿಕೆ ಸಹಾಯಕವಾಯಿತು. ೧೯೮೬ರಲ್ಲಿ ಬಾಸ್ಟನ್ನಿನ ಹೆರಾಲ್ಡ್ ಡ್ವೊರಾಕ್, ಅರ್ಬುದದ ಗೆಡ್ಡೆಗಳನ್ನು ಮಾಯದ ಗಾಯಗಳೆಂದು ಕರೆದರು. ಗಾಯವಾದಾಗ ತಂತುಜನಕ ಕೋಶಗಳು ಎಚ್ಚತ್ತು, ಹೊಸ ರಕ್ತನಾಳಗಳನ್ನು ಕರೆದು, ನಾರು ಹೆಣೆದು, ಸುತ್ತಲಿನ ಕೋಶಗಳು ಬೆಳೆಯುವಂತೆ ಪ್ರಚೋದಿಸುತ್ತವೆ. ಗಾಯ ಮಾಯ್ದ ಮೇಲೆ ತಮ್ಮ ಕೆಲಸವನ್ನು ನಿಲ್ಲಿಸುತ್ತವೆ. ಅರ್ಬುದದಲ್ಲಿ ಈ ಕೆಲಸ ನಿಲ್ಲುವುದಿಲ್ಲ. ಹ್ಯೂಸ್ಟನ್ನಿನ ಡೇವಿಡ್ ರೌಲಿ ಮತ್ತು ಸಂಗಡಿಗರು ೨೦೦೨ರಲ್ಲಿ ಪ್ರಾಸ್ಟೇಟ್ ಅರ್ಬುದದ ಸುತ್ತ ಇಂತಹದೇ ಬದಲಾವಣೆಯನ್ನು ವರ್ಣಿಸಿದರು: ಸಹಜವಾದ ನಯಸ್ನಾಯುವಿನ ಎಳೆಗಳು ವಿರಳವಾಗಿ, ಗಾಯದಲ್ಲಿ ಕಾಣುವಂತಹ ತಂತುಜನಕಗಳು ಆ ಸ್ಥಳವನ್ನು ಆಕ್ರಮಿಸಿರುತ್ತವೆ. ಮರುವರ್ಷ ಅದೇ ನಗರದ ಗುಸ್ತಾವೋ ಅಯಾಲಾ ಮೊದಲಾದವರು, ಈ ಬದಲಾವಣೆ ಹೆಚ್ಚಾಗಿದ್ದ ರೋಗಿಗಳಲ್ಲಿ ಶಸ್ತ್ರಕ್ರಿಯೆಯ ತರುವಾಯ ರೋಗ ಮರುಕಳಿಸುವ ಸಂಭವವೂ ಹೆಚ್ಚೆಂದು ತೋರಿಸಿದರು. ಗ್ಲೀಸನ್ನರ ಕೋಷ್ಟಕದಲ್ಲಿ ಅಂಕವಿಲ್ಲದಿದ್ದ ಅಂಗಾಂಶಕ್ಕೆ ಹೀಗೆ ಅಂಕ ದೊರೆಯಿತು.

ಕಾರ್ಯಕಾರಣ ಸಂಬಂಧವನ್ನು ಬಿಗಿಯಾಗಿ ಪರೀಕ್ಷಿಸಿದುದು ೧೯೯೯ರಲ್ಲಿ ಆರಿಯಾ ಒಲೂಮಿ, ಕೂನಾ ಮೊದಲಾದವರು ಪ್ರಕಟಿಸಿದ ಪ್ರಯೋಗ. ಅಲ್ಲಿ ತರ್ಕದ ನಾಲ್ಕು ಮೂಲೆಗಳೂ ಪೂರ್ಣವಾಗಿವೆ. ಸಹಜ ಅನುಲೇಪಕವನ್ನು ಸಹಜ ತಂತುಜನಕಗಳೊಡನೆ ಕೂಡಿಸಿದರೆ ಗೆಡ್ಡೆಯಿಲ್ಲ. ಸಹಜ ಅನುಲೇಪಕವನ್ನು ಅರ್ಬುದದಿಂದ ತೆಗೆದ ತಂತುಜನಕಗಳೊಡನೆ ಕೂಡಿಸಿದರೂ ಗೆಡ್ಡೆಯಿಲ್ಲ. ವಿಕಾರದ ಮೊದಲ ಹೆಜ್ಜೆಯಿಟ್ಟ, ಆದರೆ ತಾನಾಗಿ ಗೆಡ್ಡೆಯಾಗದ ಅನುಲೇಪಕವನ್ನು ಸಹಜ ತಂತುಜನಕಗಳೊಡನೆ ಕೂಡಿಸಿದರೆ ಆಗಲೂ ಇಲ್ಲ. ಅದೇ ಅನುಲೇಪಕವನ್ನು ಅರ್ಬುದದ ತಂತುಜನಕಗಳೊಡನೆ ಕೂಡಿಸಿದಾಗ ಮಾತ್ರ ಅರ್ಬುದದಂತಹ ಗೆಡ್ಡೆ ಬೆಳೆಯಿತು. ಆಧಾರಕ ಒಂದೇ ಅರ್ಬುದವನ್ನು ಹುಟ್ಟಿಸಲಾರದು. ಆದರೆ ಹೊಸ್ತಿಲಲ್ಲಿ ನಿಂತ ಕೋಶವನ್ನು ಒಳಕ್ಕೆ ತಳ್ಳಬಲ್ಲದು. ಥೀರ್ಷರೂ ಸರಿ, ಪೇಜೆಟ್ಟರೂ ಸರಿ ಎಂಬ ತೀರ್ಪನ್ನು ಈ ಒಂದು ಪ್ರಯೋಗದಲ್ಲಿ ಓದಬಹುದು.

೨೦೦೪ರಲ್ಲಿ ನೀಲ್ ಭೌಮಿಕ್, ಹೆರಾಲ್ಡ್ ಮೋಸೆಸ್ ಮೊದಲಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಳವಣಿಗೆಯನ್ನು ನಿಯಂತ್ರಿಸುವ ಒಂದು ಸಂದೇಶದ ಗ್ರಾಹಕವನ್ನು ಇಲಿಯ ತಂತುಜನಕ ಕೋಶಗಳಲ್ಲಿ ಮಾತ್ರ ಅಳಿಸಿದಾಗ, ಅವುಗಳ ನೆರೆಯ ಅನುಲೇಪಕ ಕೋಶಗಳಲ್ಲಿ ವಿಕಾರ ಕಾಣಿಸಿತು: ಪ್ರಾಸ್ಟೇಟಿನಲ್ಲಿ ಅರ್ಬುದಪೂರ್ವ ಸ್ಥಿತಿ, ಜಠರದ ಮುಂಭಾಗದಲ್ಲಿ ಅರ್ಬುದವೇ. ದೋಷ ಒಂದು ಮನೆಯಲ್ಲಿ, ಬೆಂಕಿ ಪಕ್ಕದ ಮನೆಯಲ್ಲಿ. ಇದಕ್ಕೆ ಮುಂಚೆ, ೨೦೦೧ರಲ್ಲಿ, ಜುಡಿತ್ ಕ್ಯಾಂಪಿಸಿಯವರ ಪ್ರಯೋಗಶಾಲೆಯಿಂದ ಮುಪ್ಪಾದ ತಂತುಜನಕ ಕೋಶಗಳು ವಿಕಾರಗೊಂಡ ಅನುಲೇಪಕ ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವುವೆಂಬ ವರದಿ ಬಂದಿತ್ತು. ಪ್ರಾಸ್ಟೇಟ್ ಅರ್ಬುದ ಮುಪ್ಪಿನ ರೋಗವೇಕೆಂಬುದಕ್ಕೆ ಇದೂ ಒಂದು ಕಾರಣವಾಗಿರಬಹುದು.

೭

ಚಿಕಿತ್ಸೆಗೆ ಇದರಿಂದ ಒದಗಿದ ಮೊದಲ ಪಾಠ ಎಚ್ಚರಿಕೆಯದು. ೨೦೧೨ರಲ್ಲಿ ಸಿಯಾಟಲ್ ನಗರದ ಪೀಟರ್ ನೆಲ್ಸನ್ ಮತ್ತು ಸಂಗಡಿಗರು, ರಾಸಾಯನಿಕ ಚಿಕಿತ್ಸೆ ಪಡೆದ ರೋಗಿಗಳ ಪ್ರಾಸ್ಟೇಟ್ ಅಂಗಾಂಶವನ್ನು ಚಿಕಿತ್ಸೆಗೆ ಮುಂಚಿನ ಅಂಗಾಂಶದೊಡನೆ ಹೋಲಿಸಿದರು. ಅರ್ಬುದಕೋಶಗಳನ್ನು ಕೊಲ್ಲಲೆಂದು ಕೊಟ್ಟ ಔಷಧ ಪಕ್ಕದ ತಂತುಜನಕಗಳನ್ನು ಕೊಲ್ಲದೆ ಗಾಯಗೊಳಿಸಿತ್ತು. ಗಾಯಗೊಂಡ ಆ ಕೋಶಗಳು ಒಂದು ಪ್ರೋಟೀನನ್ನು ಹೇರಳವಾಗಿ ಸ್ರವಿಸಿ, ಉಳಿದುಕೊಂಡ ಅರ್ಬುದಕೋಶಗಳು ಮುಂದಿನ ಸುತ್ತಿನ ಔಷಧವನ್ನು ತಾಳಿಕೊಳ್ಳುವಂತೆ ನೆರವಾಗುತ್ತಿದ್ದುವು. ೨೦೨೦ರಲ್ಲಿ ನ್ಯೂಯಾರ್ಕಿನಿಂದ ಬಂದ ಇನ್ನೊಂದು ಅಧ್ಯಯನ, ತಂತುಜನಕಗಳು ಸ್ರವಿಸುವ ಬೇರೊಂದು ಪ್ರೋಟೀನು ಹಾರ್ಮೋನು ನಿರೋಧಕ ಔಷಧಗಳ ವಿರುದ್ಧ ಅರ್ಬುದಕೋಶಕ್ಕೆ ಆಸರೆಯಾಗುವುದನ್ನು ತೋರಿಸಿತು. ಹಗ್ಗಿನ್ಸರ ಕಾಲದಿಂದ ವೈದ್ಯರನ್ನು ಕಾಡುತ್ತಿರುವ ಮರುಕಳಿಕೆಗೆ ಅರ್ಬುದಕೋಶದೊಳಗಣ ಮಾರ್ಪಾಡುಗಳೇ ಪ್ರಧಾನ ಕಾರಣ. ಆದರೆ ಅವು ಮಾತ್ರವೇ ಕಾರಣವಲ್ಲ.

ಎರಡನೆಯ ಪಾಠ ಸೋಲುಗಳಿಂದ ಬಂದಿತು. ಮೂಳೆಯಲ್ಲಿ ಅರ್ಬುದಕ್ಕೂ ಮೂಳೆ ಕಟ್ಟುವ ಕೋಶಗಳಿಗೂ ನಡೆಯುವ ಸಂದೇಶ ವಿನಿಮಯವನ್ನು ತಡೆಯಲೆಂದು ಅಟ್ರಾಸೆಂಟಾನ್, ಡಾಸಾಟಿನಿಬ್ ಎಂಬ ಔಷಧಗಳನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ೨೦೧೩ರಲ್ಲಿ ಪ್ರಕಟವಾದ ಫಲಿತಾಂಶಗಳಂತೆ, ಡೊಸಿಟ್ಯಾಕ್ಸೆಲ್ ಎಂಬ ಪ್ರಚಲಿತ ಔಷಧದೊಡನೆ ಇವುಗಳನ್ನು ಸೇರಿಸಿದುದರಿಂದ ರೋಗಿಗಳ ಆಯುಸ್ಸು ಹೆಚ್ಚಲಿಲ್ಲ. ಒಂದು ಸಂದೇಶವನ್ನು ಕಡಿದರೆ ಇನ್ನೊಂದು ಅದರ ಸ್ಥಳವನ್ನು ತುಂಬುತ್ತದೆಂಬುದು ಇದಕ್ಕೆ ಕೊಡಬಹುದಾದ ವಿವರಣೆಗಳಲ್ಲಿ ಒಂದು.

ಆದರೆ ಅದೇ ವರ್ಷ ನೆಲವನ್ನು ಗುರಿಯಾಗಿಟ್ಟ ಒಂದು ಚಿಕಿತ್ಸೆ ಗೆದ್ದಿತು. ರೇಡಿಯಂ-೨೨೩ ಎಂಬ ವಿಕಿರಣಶೀಲ ಧಾತು ದೇಹದಲ್ಲಿ ಸುಣ್ಣದ ಧಾತುವಿನಂತೆ ವರ್ತಿಸಿ, ಹೊಸದಾಗಿ ಮೂಳೆ ಕಟ್ಟುತ್ತಿರುವ ಎಡೆಗಳಲ್ಲಿ ಸೇರಿಕೊಳ್ಳುತ್ತದೆ. ಅದು ಅರ್ಬುದಕೋಶವನ್ನು ಗುರುತಿಸುವುದಿಲ್ಲ. ಅರ್ಬುದ ಕಟ್ಟಿಸುತ್ತಿರುವ ಮೂಳೆಯನ್ನು ಗುರುತಿಸುತ್ತದೆ. ಅದರಿಂದ ಹೊರಡುವ ಕಿರಣಗಳು ಅತ್ಯಲ್ಪ ದೂರದವರೆಗೆ ಮಾತ್ರ ಸಾಗಿ ಸಮೀಪದ ಕೋಶಗಳನ್ನು ಹೊಡೆಯುತ್ತವೆ. ಮೂಳೆಗೆ ಹರಡಿದ ರೋಗವುಳ್ಳವರಲ್ಲಿ ನಡೆದ ಪರೀಕ್ಷೆಯಲ್ಲಿ, ರೇಡಿಯಂ ಪಡೆದವರ ಮಧ್ಯಕ ಬದುಕು ೧೪.೯ ತಿಂಗಳು, ಪಡೆಯದವರದು ೧೧.೩ ತಿಂಗಳು ಎಂದು ಕಂಡುಬಂದಿತು. ಮೂರೂವರೆ ತಿಂಗಳ ಲಾಭ ಸ್ವಲ್ಪವೆಂದು ತೋರಬಹುದು. ಆದರೆ ಅತಿಥಿಯ ಕಾಲುಗುರುತನ್ನು ಮನೆಯ ಅಂಗಳದಲ್ಲಿ ಹಿಡಿಯಬಹುದೆಂಬುದು ಇದರಿಂದ ರುಜುವಾತಾಯಿತು.

ಮೂರನೆಯ ಪಾಠ ಬೇರೊಂದು ಅಂಗದಿಂದ ಬಂದುದು. ಮೇದೋಜೀರಕ ಗ್ರಂಥಿಯ ಅರ್ಬುದದಲ್ಲಿ ಆಧಾರಕ ಅತಿ ದಟ್ಟವಾಗಿರುತ್ತದೆ. ಅದನ್ನು ನಿರ್ಮೂಲ ಮಾಡಿದರೆ ರೋಗ ಇಳಿಯಬಹುದೆಂಬ ನಿರೀಕ್ಷೆ ಇತ್ತು. ೨೦೧೪ರಲ್ಲಿ ಇಲಿಗಳ ಮೇಲಿನ ಎರಡು ಪ್ರಯೋಗಗಳು ಇದಕ್ಕೆ ವಿರುದ್ಧವಾದ ಫಲವನ್ನು ಕೊಟ್ಟುವು: ಆಧಾರಕವನ್ನು ಕಡಮೆ ಮಾಡಿದಾಗ ಅರ್ಬುದ ಇನ್ನಷ್ಟು ಉಗ್ರವಾಯಿತು. ಆಧಾರಕ ಪೋಷಿಸುವುದರ ಜೊತೆಗೆ ಬೇಲಿಯೂ ಆಗಿರುತ್ತದೆ. ಪ್ರಾಸ್ಟೇಟಿನಲ್ಲಿಯೂ ಇಂತಹ ಸೂಚನೆಗಳಿವೆ. ೨೦೦೧ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರ್ಬುದದ ಪಕ್ಕದ ಆಧಾರಕ ಕೋಶಗಳಲ್ಲಿ ಪುರುಷ ಹಾರ್ಮೋನಿನ ಗ್ರಾಹಕ ಕಡಮೆಯಾಗಿದ್ದ ರೋಗಿಗಳಲ್ಲಿ ರೋಗ ಬೇಗನೆ ಮರುಕಳಿಸಿತ್ತು. ಹಾಗಾದರೆ ಹಾರ್ಮೋನನ್ನು ಹಿಂತೆಗೆಯುವ ನಮ್ಮ ಚಿಕಿತ್ಸೆ ಅರ್ಬುದಕೋಶಕ್ಕೆ ಹೊಡೆತ ಕೊಡುವಾಗಲೇ ಬೇಲಿಯ ಕಾವಲುಗಾರನನ್ನೂ ದುರ್ಬಲಗೊಳಿಸುತ್ತಿರಬಹುದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಈ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ.

೮

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸಿದ್ಧಪಡುತ್ತವೆ. ಆಧಾರಕ ಅಂಗಾಂಶದ ಪಾತ್ರ ಇತ್ತೀಚೆಗೆ ಕಂಡುಹಿಡಿದ ಹೊಸ ಸಂಗತಿಯಲ್ಲ. ಅದರ ಸುಳಿವು ೧೮೮೯ರಲ್ಲಿಯೇ ಇತ್ತು. ಅದು ಮರೆಯಾದುದು ಸಾಕ್ಷ್ಯದ ಅಭಾವದಿಂದಲ್ಲ. ಉತ್ಪತ್ತಿಯ ಪ್ರಶ್ನೆಗೆ ದೊರೆತ ಸರಿಯಾದ ಉತ್ತರವನ್ನು ಪೋಷಣೆಯ ಪ್ರಶ್ನೆಗೂ ಉತ್ತರವೆಂದು ಭಾವಿಸಿದುದರಿಂದ. ಅದು ಮರಳಿ ಬಂದುದು ಆಸ್ಪತ್ರೆಯ ಬಾಗಿಲಿನಿಂದಲ್ಲ, ಭ್ರೂಣಶಾಸ್ತ್ರದ ಬಾಗಿಲಿನಿಂದ. ಮೂತ್ರಾಶಯದ ಕೋಶವೊಂದು ಪ್ರಾಸ್ಟೇಟಿನ ಕೋಶವಾದೀತೇ ಎಂದು ಕುತೂಹಲಪಟ್ಟವರು ಅರ್ಬುದದ ವೈದ್ಯರಿಗೆ ದಾರಿ ತೋರಿದರು. ವಿಜ್ಞಾನದ ಶಾಖೆಗಳನ್ನು ಬೇರೆ ಬೇರೆ ಕೊಠಡಿಗಳಲ್ಲಿ ಕಲಿಸುವ ನಮ್ಮ ಕಾಲೇಜುಗಳ ಅಧ್ಯಾಪಕರು ಇದನ್ನು ವಿಶೇಷವಾಗಿ ಮನಗಾ­ಣಬೇಕು.

ಹಾಗೆಂದು ಹಳೆಯ ಅನ್ಯಾಯವನ್ನು ಸರಿಪಡಿಸುವ ಉತ್ಸಾಹದಲ್ಲಿ ಆಧಾರಕವನ್ನೇ ಎಲ್ಲಕ್ಕೂ ಕಾರಣವೆಂದು ಸಾರುವುದು ವಿರ್ಚೋ ಮಾಡಿದ ತಪ್ಪನ್ನು ಮತ್ತೆ ಮಾಡಿದಂತೆ. ಇಲ್ಲಿ ಹೇಳಿದ ಪ್ರಯೋಗಗಳಲ್ಲಿ ಅನೇಕವು ಇಲಿಗಳ ಮೇಲೆ ನಡೆದುವು. ಮನುಷ್ಯನ ಪ್ರಾಸ್ಟೇಟಿನಲ್ಲಿ ತಂತುಜನಕ ಕೋಶಗಳು ಒಂದೇ ಬಗೆಯವಲ್ಲ, ಕೆಲವು ರೋಗಕ್ಕೆ ನೆರವಾದರೆ ಕೆಲವು ತಡೆಯಾಗಿ ನಿಲ್ಲುತ್ತವೆ. ಯಾವುವು ಯಾವ ಪಕ್ಷದವೆಂದು ವಿಂಗಡಿಸುವುದು, ಕೆಟ್ಟುದನ್ನು ಕಿತ್ತೊಗೆಯುವ ಬದಲು ಅದರ ಸಹಜ ಗುಣವನ್ನು ಮರಳಿಸುವುದು ಇಂದಿನ ಸಂಶೋಧಕರ ಮುಂದಿರುವ ಕೆಲಸ. ಹದಗೆಟ್ಟ ಹೊಲವನ್ನು ರೈತನು ಅಗೆದು ಎಸೆಯುವುದಿಲ್ಲ. ಗೊಬ್ಬರ ಹಾಕಿ, ಕಳೆ ಕಿತ್ತು, ಮತ್ತೆ ಹದಕ್ಕೆ ತರುತ್ತಾನೆ. ವೈದ್ಯಶಾಸ್ತ್ರ ಆ ಹದವನ್ನು ಈಗತಾನೆ ಕಲಿಯತೊಡಗಿದೆ.